ಪಂಡಿತಾ ರಮಾಬಾಯಿ: ಮನೆಯೊಳಗಿನ ಹಿಂಸೆ ಮತ್ತು ಆಶ್ರಯದ ಹಕ್ಕು

ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವಾದ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರ ಜನನವಾಯಿತು. ಅದೇ ವರ್ಷದ ನವೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣಾಪತ್ರ ಹೊರಬಿದ್ದು, ಪ್ರಜೆಗಳ ಧಾರ್ಮಿಕ ನಂಬಿಕೆ ಆಚರಣೆಗಳಲ್ಲಿ ಸರ್ಕಾರ ಕೈಹಾಕುವುದಿಲ್ಲವೆಂಬ ಭರವಸೆಯನ್ನು ಈ ದೇಶದ ಜನತೆಗೆ ನೀಡಿತು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಮನೆಯೊಳಗೆ ಹೆಣ್ಣಿನ ಮೇಲೆ ನಡೆಯುವ ಹಿಂಸೆಯ ಪ್ರಶ್ನೆ ಬಂದಾಗಲೆಲ್ಲ ಆ ಭರವಸೆಯನ್ನು ಮುಂದಿಟ್ಟು ವಾದಿಸುವವರು ಇದ್ದೇ ಇದ್ದುದರಿಂದ, ರಮಾಬಾಯಿಯವರ ಜೀವನವನ್ನು ಅಭ್ಯಾಸ ಮಾಡುವವರು ಇವೆರಡನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕಾಗುತ್ತದೆ. ಹೊಸ್ತಿಲಿನ ಒಳಗೆ ಕಾನೂನು ಕಾಲಿಡಬಹುದೇ ಎಂಬುದು ಆ ಕಾಲದ ಪುರುಷ ಸುಧಾರಕರೂ ಸಂಪ್ರದಾಯವಾದಿಗಳೂ ಚರ್ಚಿಸಿದ ಪ್ರಶ್ನೆ. ಹೊಸ್ತಿಲು ದಾಟಿ ಹೊರಬಂದ ಹೆಣ್ಣು ಆ ರಾತ್ರಿ ಎಲ್ಲಿ ಮಲಗಬೇಕು ಎಂಬುದು ರಮಾಬಾಯಿಯವರ ಪ್ರಶ್ನೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದ ಚಿತ್ಪಾವನ ಮನೆತನದವರು. ತರುಣರಾಗಿದ್ದಾಗ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆಯವರಲ್ಲಿ ವ್ಯಾಸಂಗ ಮಾಡಿದರು. ಆ ಗುರುಗಳು ಎರಡನೆಯ ಬಾಜಿರಾಯ ಪೇಶ್ವೆಯ ಪತ್ನಿಗೂ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬಳು ಶ್ಲೋಕ ಓದುವುದನ್ನು ಕೇಳಿದ ಶಿಷ್ಯನಿಗೆ ತನ್ನ ಹೆಂಡತಿಗೂ ಕಲಿಸಬೇಕೆಂಬ ಹಂಬಲ ಹುಟ್ಟಿತು. ಮೊದಲ ಮದುವೆಯಲ್ಲಿ ಅದು ಕೈಗೂಡಲಿಲ್ಲ. ಆ ಪತ್ನಿ ತೀರಿಕೊಂಡ ಮೇಲೆ, ತೀರ್ಥಯಾತ್ರೆಯಲ್ಲಿ ಗೋದಾವರಿಯ ದಡದಲ್ಲಿ ಭೇಟಿಯಾದ ಬ್ರಾಹ್ಮಣನೊಬ್ಬನ ಮಗಳು ಲಕ್ಷ್ಮೀಬಾಯಿಯನ್ನು ವಿವಾಹವಾದರು. ವಧುವಿಗೆ ಆಗ ಒಂಬತ್ತು ವರ್ಷ, ವರನಿಗೆ ನಲವತ್ತನಾಲ್ಕು. ಯಾವ ಪದ್ಧತಿಯ ವಿರುದ್ಧ ಮಗಳು ಮುಂದೆ ಲೋಕವನ್ನೆಲ್ಲ ಸುತ್ತಿ ಮಾತನಾಡಿದರೋ ಆ ಪದ್ಧತಿಯೇ ತಾಯಿಯನ್ನು ಆ ಮನೆಗೆ ತಂದಿತ್ತೆಂಬುದನ್ನು ಮರೆಮಾಚುವ ಅಗತ್ಯವಿಲ್ಲ, ರಮಾಬಾಯಿಯವರೂ ಮರೆಮಾಚಲಿಲ್ಲ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಶಾಸ್ತ್ರಿಗಳು ಉಡುಪಿಯ ವಿದ್ವತ್ಸಭೆಯ ಮುಂದೆ ತಮ್ಮ ನಡೆಯನ್ನು ಶಾಸ್ತ್ರಾಧಾರದಿಂದ ಸಮರ್ಥಿಸಿಕೊಳ್ಳಬೇಕಾಯಿತು. ಅನಂತರ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದರು. ಅತಿಥಿಸತ್ಕಾರದಲ್ಲಿ ಆಸ್ತಿ ಕರಗಿತು. ರಮಾಬಾಯಿ ಆರು ತಿಂಗಳ ಶಿಶುವಾಗಿದ್ದಾಗ ಸಂಸಾರ ಊರು ಬಿಟ್ಟಿತು; ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊತ್ತು ಸಾಗಿದರು.

ಮುಂದಿನ ಹದಿನಾರು ವರ್ಷ ದೇವಸ್ಥಾನಗಳ ಪ್ರಾಕಾರಗಳಲ್ಲಿ, ನದೀತೀರಗಳಲ್ಲಿ ಪುರಾಣ ಓದಿ ಹೇಳಿ ಬಂದ ದಕ್ಷಿಣೆಯಿಂದ ಜೀವನ. ತಾಯಿ ಮುಂಜಾನೆ ಎಬ್ಬಿಸಿ ಕಲಿಸಿದ ಪಾಠದಿಂದ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಬಾಲಕಿಯ ಕಂಠಸ್ಥವಾದವು. ಮರಾಠಿಯೊಡನೆ ಕನ್ನಡ, ಹಿಂದೂಸ್ಥಾನಿ, ಮುಂದೆ ಬಂಗಾಳಿ, ಹೀಗೆ ನಡೆದ ದಾರಿಯ ಭಾಷೆಗಳೆಲ್ಲ ನಾಲಗೆಗೆ ಬಂದವು. ಎಪ್ಪತ್ತರ ದಶಕದ ನಡುವೆ ದಕ್ಷಿಣವನ್ನು ಹಿಡಿದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಕೃಷ್ಣಾಬಾಯಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿಯರು ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಸಾಗಿ 1878ರಲ್ಲಿ ಕಲ್ಕತ್ತೆ ಸೇರಿದರು. ಇಪ್ಪತ್ತರ ಯುವತಿಯ ಸಂಸ್ಕೃತ ಪಾಂಡಿತ್ಯಕ್ಕೆ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ಶ್ರೀನಿವಾಸನೂ ಕಣ್ಮರೆಯಾದ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ಸರ್ಕಾರಿ ಕಾಯ್ದೆಯ ಮೇರೆಗೆ ವರಿಸಿದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರನೆಯ ವಯಸ್ಸಿಗೆ ವಿಧವೆಯಾದ ರಮಾಬಾಯಿಯವರಿಗೆ ಹಿಂದಿರುಗಲು ತವರಿರಲಿಲ್ಲ, ತಲೆ ಬೋಳಿಸಿ ಒಳಮನೆಗೆ ತಳ್ಳಲು ಅತ್ತೆಮಾವಂದಿರೂ ಇರಲಿಲ್ಲ. ಈ ಎರಡನೆಯ ಇಲ್ಲ ಅವರ ಬದುಕಿನ ದೊಡ್ಡ ಸುದೈವವೆನ್ನಬೇಕು.

ಅದೇ ವರ್ಷ ಅವರು ಮಗುವಿನೊಡನೆ ಪುಣೆಗೆ ಬಂದರು. ಪುಣೆ ಆಗ ಸುಧಾರಣೆಯ ಕೇಂದ್ರವೂ ಹೌದು, ಸನಾತನದ ಕೋಟೆಯೂ ಹೌದು. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು ಗರ್ಭಿಣಿಯರಾದ ವಿಧವೆಯರಿಗಾಗಿ 1863ರಲ್ಲಿ ತಮ್ಮ ಮನೆಯಲ್ಲೇ ಶಿಶುಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದದ್ದು ಈ ನಗರದಲ್ಲಿಯೇ. ವಿಧವೆಯನ್ನು ಆ ಸ್ಥಿತಿಗೆ ತರುವ ಗಂಡಸು ಬಹುಮಟ್ಟಿಗೆ ಆ ಮನೆಯವನೇ ಅಥವಾ ನೆಂಟನೇ ಆಗಿರುತ್ತಿದ್ದನೆಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಬಳಗ ರಮಾಬಾಯಿಯವರನ್ನು ಆದರದಿಂದ ಬರಮಾಡಿಕೊಂಡಿತು. ಅವರು ಸ್ಥಾಪಿಸಿದ ಆರ್ಯ ಮಹಿಳಾ ಸಮಾಜ ವಾರಕ್ಕೊಮ್ಮೆ ಸೇರತೊಡಗಿತು. ಆ ಸಭೆಗೆ ಹೋಗಿ ಬಂದ ಹೆಣ್ಣುಮಕ್ಕಳು ಮನೆಯಲ್ಲಿ ಏನನ್ನು ಅನುಭವಿಸುತ್ತಿದ್ದರೆಂಬುದಕ್ಕೆ ರಾನಡೆಯವರ ಪತ್ನಿ ರಮಾಬಾಯಿ ರಾನಡೆಯವರು 1910ರಲ್ಲಿ ಪ್ರಕಟಿಸಿದ ನೆನಪುಗಳೇ ಸಾಕ್ಷಿ. ಗಂಡನ ಒತ್ತಾಸೆಯಿದ್ದಾಗಲೂ ಮನೆಯ ಹಿರಿಯ ಹೆಂಗಸರ ಚುಚ್ಚುಮಾತು, ಬಹಿಷ್ಕಾರ, ಮಡಿಯ ನೆಪದ ಅವಮಾನಗಳನ್ನು ಆಕೆ ದಿನವೂ ಸಹಿಸಬೇಕಾಯಿತು. ಹೊಡೆತದ ಗುರುತಿಲ್ಲದ ಇಂಥ ಕಿರುಕುಳವನ್ನು ಕಾನೂನು ಹಿಂಸೆಯೆಂದು ಹೆಸರಿಸಲು ಇನ್ನೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಅದೇ 1882ರಲ್ಲಿ ಪ್ರಕಟವಾದ 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಗ್ರಂಥದಲ್ಲಿ ರಮಾಬಾಯಿಯವರ ಧ್ವನಿ ಇನ್ನೂ ಉಪದೇಶಕಿಯದು. ಹೆಂಗಸರ ದುಃಸ್ಥಿತಿಯ ಹೊಣೆ ಬಹುಮಟ್ಟಿಗೆ ಅವರ ಅಜ್ಞಾನದ ಮೇಲೆಯೇ ಬೀಳುತ್ತದೆ. ಆದರೆ ಶಿಕ್ಷಣದ ಕುರಿತ ಹಂಟರ್ ಆಯೋಗದ ಮುಂದೆ ಅದೇ ವರ್ಷ ನೀಡಿದ ಸಾಕ್ಷ್ಯದಲ್ಲಿ ಬೆರಳು ಬೇರೆ ದಿಕ್ಕಿಗೆ ತಿರುಗುತ್ತದೆ. ಓದಿದ ಗಂಡಸರಲ್ಲಿಯೂ ಬಹುತೇಕರು ಸ್ತ್ರೀಶಿಕ್ಷಣದ ವಿರೋಧಿಗಳೆಂದೂ, ಹೆಣ್ಣಿನ ಸಣ್ಣ ತಪ್ಪನ್ನು ಬೆಟ್ಟ ಮಾಡಿ ಆಕೆಯ ನಡತೆಗೆ ಕಳಂಕ ಹಚ್ಚುವವರೆಂದೂ ಅವರು ನೇರವಾಗಿ ತಿಳಿಸಿದರು; ಶಿಕ್ಷಕಿಯರು, ಮಹಿಳಾ ತನಿಖಾಧಿಕಾರಿಗಳು, ಮಹಿಳಾ ವೈದ್ಯರು ಬೇಕೆಂದು ಕೇಳಿದರು. ಪುಸ್ತಕದ ಮಾರಾಟದಿಂದ ಬಂದ ಹಣ ಮರುವರ್ಷ ಇಂಗ್ಲೆಂಡಿನ ಪ್ರಯಾಣಕ್ಕೆ ಒದಗಿತು.

ವೈದ್ಯವಿದ್ಯೆ ಕಲಿಯುವ ಆಸೆಗೆ ಕಿವುಡುತನ ಅಡ್ಡಬಂತು. 1883ರ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. ಪುಣೆಯ ಪತ್ರಿಕೆಗಳು ಕಿಡಿಕಾರಿದವು; ಫುಲೆಯವರು ಮಾತ್ರ 1885ರ 'ಸತ್ಸಾರ'ದಲ್ಲಿ ಅವರ ಪರವಾಗಿ ನಿಂತರು. ದೀಕ್ಷೆ ಪಡೆದದ್ದರಿಂದ ರಮಾಬಾಯಿ ಇನ್ನೊಂದು ಅಧಿಕಾರಕ್ಕೆ ಶರಣಾದರೆಂದು ತಿಳಿಯುವುದು ಸರಿಯಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ಗಂಡಸರಿಗೆ ಪಾಠ ಹೇಳಕೂಡದೆಂದು ಬಿಷಪ್ಪರು ಆಕ್ಷೇಪಿಸಿದಾಗ, ಒಂದು ಪುರೋಹಿತ ವರ್ಗದ ನೊಗ ಕಳಚಿದ್ದು ಮತ್ತೊಂದನ್ನು ಹೊರುವುದಕ್ಕಲ್ಲವೆಂಬ ನಿಲುವಿನಿಂದ ಅವರು ಪತ್ರಗಳಲ್ಲಿ ವಾದಿಸಿದರು.

1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯ ಪದವಿ ಪಡೆದ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದ ರಮಾಬಾಯಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ನಿಂತರು. ಅಲ್ಲಿನ ಮಹಿಳಾ ಪಾನನಿರೋಧ ಸಂಘದ ಸಂಪರ್ಕ ಅವರಿಗೆ ಬಂದದ್ದು ಗಮನಾರ್ಹ. ಕುಡಿದ ಗಂಡನಿಂದ ಹೆಂಡತಿಗೆ ಬೀಳುವ ಪೆಟ್ಟು ಊರಿನ, ರಾಜ್ಯದ ಪ್ರಶ್ನೆಯೆಂದು ಆ ಸಂಘದ ಹೆಂಗಸರು ಬೀದಿಗಿಳಿದು ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಫ್ರಾನ್ಸಸ್ ಪವರ್ ಕಾಬ್ ಅವರ ಲೇಖನಗಳ ಒತ್ತಡದಿಂದ 1878ರ ಕಾಯ್ದೆ ಪೆಟ್ಟು ತಿಂದ ಹೆಂಡತಿಗೆ ಪ್ರತ್ಯೇಕವಾಸದ ಆದೇಶ ಕೊಡಿಸುವಷ್ಟು ಮುಂದುವರಿದಿತ್ತು. ಹೆಂಡತಿಯನ್ನು ಹೊಡೆಯುವುದು ಪೌರಸ್ತ್ಯರ ಗುಣವೆಂಬ ಭ್ರಮೆಗೆ ಇಲ್ಲಿ ಎಡೆಯಿಲ್ಲ.

1887ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಕಟವಾದ 'ದಿ ಹೈ ಕಾಸ್ಟ್ ಹಿಂದೂ ವುಮನ್' ರಮಾಬಾಯಿಯವರ ಕೃತಿಗಳಲ್ಲಿ ಅತಿ ಮುಖ್ಯವಾದದ್ದು. ಬಾಲ್ಯ, ವಿವಾಹ, ವೈಧವ್ಯ ಎಂಬ ಕ್ರಮದಲ್ಲಿ ಹೆಣ್ಣಿನ ಬದುಕನ್ನು ಹಿಂಬಾಲಿಸುವ ಈ ಗ್ರಂಥ ಕಣ್ಣೀರು ತರಿಸುವುದಕ್ಕಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುತ್ತದೆ. 1870ರ ಗಣತಿಯಲ್ಲಿ ಅಮೃತಸರ ನಗರದಲ್ಲಿ ಒಂದೇ ವರ್ಷ ಮುನ್ನೂರು ಮಕ್ಕಳನ್ನು ತೋಳಗಳು ಒಯ್ದವೆಂದು ದಾಖಲಾಗಿದ್ದು, ಆ ಮುನ್ನೂರೂ ಹೆಣ್ಣುಮಕ್ಕಳೇ ಆಗಿದ್ದವೆಂಬುದನ್ನು ಅವರು ಯಾವ ಟೀಕೆಯೂ ಬೇಡವೆಂಬಂತೆ ಮುಂದಿಡುತ್ತಾರೆ. 1881ರ ಜನಗಣತಿಯಿಂದ ಒಂಬತ್ತು ವರ್ಷದೊಳಗಿನ 78,976 ವಿಧವೆಯರನ್ನೂ, ಹತ್ತೊಂಬತ್ತರೊಳಗಿನ ಒಟ್ಟು 6,69,100 ವಿಧವೆಯರನ್ನೂ ಎಣಿಸಿ ತೋರಿಸುತ್ತಾರೆ. ಬೋಳಿಸಿದ ತಲೆ, ಒಂದೇ ಒರಟು ಸೀರೆ, ದಿನಕ್ಕೊಂದು ಊಟ, ಮನೆಗೆಲಸದ ಹೊರೆ, ಗಂಡನನ್ನು ತಿಂದವಳೆಂಬ ಬೈಗುಳ, ಇವೆಲ್ಲವೂ ಕ್ರಮಬದ್ಧವಾಗಿ ಬರುತ್ತವೆ. ಬಡ ಜಾತಿಗಳ ಹೆಂಗಸರು ಈ ಚಿತ್ರದ ಹೊರಗೇ ಉಳಿದರೆಂಬ ಆಕ್ಷೇಪ ನ್ಯಾಯವಾದದ್ದೇ. ಗ್ರಂಥದ ಶೀರ್ಷಿಕೆಯೇ ತನ್ನ ಮಿತಿಯನ್ನು ಒಪ್ಪಿಕೊಂಡಿದೆ.

ಈ ಗ್ರಂಥದ ಕೆಲವೇ ಪುಟಗಳಲ್ಲಿ ಮನೆ ಮತ್ತು ನ್ಯಾಯಾಲಯ ಎದುರುಬದುರಾಗುತ್ತವೆ. ರಮಾಬಾಯಿ ಅದನ್ನು ಬರೆಯುತ್ತಿದ್ದ ದಿನಗಳಲ್ಲಿ ಮುಂಬಯಿಯ ರುಖ್ಮಾಬಾಯಿಯವರ ಮೊಕದ್ದಮೆ ನಡೆದಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿ, ತವರಿನಲ್ಲೇ ಓದಿ ಬೆಳೆದ ಆಕೆ ಗಂಡ ದಾದಾಜಿ ಭಿಕಾಜಿಯ ಮನೆಗೆ ಹೋಗಲು ನಿರಾಕರಿಸಿದಾಗ ಅವನು 1884ರಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗಾಗಿ ದಾವೆ ಹೂಡಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಗಿ, 1887ರ ಮಾರ್ಚಿನಲ್ಲಿ ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳ ಸೆರೆಮನೆಗೆ ಹೋಗು ಎಂಬ ಆದೇಶವಾಯಿತು. ಆಕೆ ಸೆರೆಮನೆಯನ್ನು ಆರಿಸಿಕೊಂಡರು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ಗಂಡ ಹಕ್ಕು ಬಿಟ್ಟ; ರುಖ್ಮಾಬಾಯಿ ಲಂಡನ್ನಿನಲ್ಲಿ ಓದಿ ವೈದ್ಯರಾಗಿ ಹಿಂದಿರುಗಿದರು. ಈ ದಾವೆಯ ಬಗೆ ಧರ್ಮಶಾಸ್ತ್ರದಿಂದ ಬಂದದ್ದಲ್ಲ, ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳಿಂದ ಇಲ್ಲಿಗೆ ಬಂದದ್ದು. ಇಂಗ್ಲೆಂಡಿನಲ್ಲಿ ಇಂಥ ತೀರ್ಪನ್ನು ಮೀರಿದವರಿಗೆ ಸೆರೆಮನೆಯ ಶಿಕ್ಷೆಯನ್ನು 1884ರ ಕಾಯ್ದೆ ರದ್ದು ಮಾಡಿತು. ಅದೇ ವರ್ಷ ಮುಂಬಯಿಯಲ್ಲಿ ದಾವೆ ದಾಖಲಾಯಿತು. ತವರಿನಲ್ಲಿ ಹಲ್ಲು ಕಿತ್ತ ಕಾನೂನು ವಸಾಹತಿನಲ್ಲಿ ಕಚ್ಚುತ್ತಲೇ ಉಳಿಯಿತು. ಇದನ್ನು ಹಿಂದೂ ಧರ್ಮದ ರಕ್ಷಣೆಯೆಂದು ಸನಾತನಿಗಳು ಹೊಗಳಿದರು.

ರುಖ್ಮಾಬಾಯಿಯವರ ವಿಷಯಕ್ಕೆ ಸೇರಿಸಿಯೇ ರಮಾಬಾಯಿ ತಮ್ಮ ಹತ್ತಿರದ ಸಂಬಂಧಿಯೊಬ್ಬಳ ಕಥೆಯನ್ನು ಹೆಸರಿಲ್ಲದೆ ಹೇಳುತ್ತಾರೆ. ಬಾಲ್ಯದಲ್ಲಿ ಮದುವೆಯಾದ ಆಕೆಯ ಗಂಡ ಹುಡುಗಿಯ ತಂದೆಯ ಬಳಿಯಲ್ಲೇ ಇದ್ದು ಓದಬೇಕೆಂದು ಒಪ್ಪಂದವಾಗಿತ್ತು. ಲಗ್ನ ಮುಗಿದೊಡನೆ ವರನ ತಂದೆ ಮಾತು ಮರೆತು ಮಗನನ್ನು ಕರೆದೊಯ್ದ. ಹದಿಮೂರು ವರ್ಷಗಳ ಮೇಲೆ, ಅಕ್ಷರವಾಗಲಿ ದುಡಿಮೆಯಾಗಲಿ ತಿಳಿಯದ ಅವನು ಬಂದು ಹೆಂಡತಿಯನ್ನು ಕೇಳಿದ. ವಿದ್ಯಾವತಿಯಾಗಿ ಬೆಳೆದಿದ್ದ ಆಕೆ ಒಪ್ಪಲಿಲ್ಲ, ಹೆತ್ತವರೂ ಕಳುಹಿಸಲಿಲ್ಲ. ಸಂಪ್ರದಾಯಸ್ಥರು ಹಣ ಕೂಡಿಸಿ ಅವನಿಂದ ದಾವೆ ಹೂಡಿಸಿದರು. ಬ್ರಿಟಿಷ್ ನ್ಯಾಯಾಲಯ ಆಕೆ ಗಂಡನೊಡನೆ ಹೋಗತಕ್ಕದ್ದೆಂದು ತೀರ್ಪಿತ್ತಿತು. ಅದು ಜಾರಿಯಾಗುವ ಮೊದಲೇ ಕಾಲರಾ ಆಕೆಯನ್ನು ಬಿಡುಗಡೆ ಮಾಡಿತು. ಈ ಸಂಬಂಧಿ ಅಕ್ಕ ಕೃಷ್ಣಾಬಾಯಿಯೇ ಎಂದು ಚರಿತ್ರಕಾರರು ಗುರುತಿಸಿದ್ದಾರೆ. ಸಣ್ಣ ಮಗಳಿಗೆ ಶಾಸ್ತ್ರಿಗಳು ಬಾಲ್ಯವಿವಾಹ ಮಾಡದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಸರ್ಕಾರವನ್ನು ರಮಾಬಾಯಿ ಕಟುವಾಗಿ ವಿಮರ್ಶಿಸುವುದು ಈ ಹಿನ್ನೆಲೆಯಲ್ಲಿ: ದೇಶದ ಗಂಡಸರೊಡನೆ ಒಪ್ಪಂದ ಮಾಡಿಕೊಂಡು ತನ್ನ ಆಳ್ವಿಕೆಯನ್ನು ಭದ್ರಪಡಿಸಿಕೊಂಡ ಸರ್ಕಾರ ಅದರ ಬೆಲೆಯನ್ನು ಹೆಂಗಸರಿಂದ ತೆರಿಸಿತೆಂಬುದು ಅವರ ಆರೋಪದ ತಿರುಳು.

ಈ ಆರೋಪ ಹಳತಾಗಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ಗಂಡಸರಿಗಷ್ಟೇ ಸಲ್ಲುವಂತಿದ್ದ ಪದವನ್ನು ತೆಗೆಸಿ ಎಲ್ಲ ಮಾನವರನ್ನೂ ಒಳಗೊಳ್ಳುವ ಪದವನ್ನು ಇರಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ. ಆದರೂ 1979ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಹಿಳಾ ತಾರತಮ್ಯ ನಿರ್ಮೂಲನ ಒಡಂಬಡಿಕೆಯಲ್ಲಿ ಮನೆಯೊಳಗಿನ ಹಿಂಸೆಯ ಪ್ರಸ್ತಾಪ ನೇರವಾಗಿ ಇರಲಿಲ್ಲ. 1992ರ ಹತ್ತೊಂಬತ್ತನೆಯ ಸಾಮಾನ್ಯ ಶಿಫಾರಸಿನಲ್ಲಿ ಒಡಂಬಡಿಕೆಯ ಸಮಿತಿ ಅದನ್ನು ತಾರತಮ್ಯದ ವ್ಯಾಖ್ಯೆಯೊಳಗೆ ತಂದಿತು. 1993ರ ಡಿಸೆಂಬರಿನ ವಿಶ್ವಸಂಸ್ಥೆಯ ಘೋಷಣೆ ಕುಟುಂಬದೊಳಗಿನ ದೈಹಿಕ, ಲೈಂಗಿಕ, ಮಾನಸಿಕ ಹಿಂಸೆಗಳನ್ನು ಹೆಸರಿಸಿತು. ಅದೇ 1993ರಲ್ಲಿ ಭಾರತ ಒಡಂಬಡಿಕೆಯನ್ನು ಸ್ಥಿರೀಕರಿಸಿತಾದರೂ, ಯಾವುದೇ ಸಮುದಾಯದ ಉಪಕ್ರಮ ಮತ್ತು ಒಪ್ಪಿಗೆಯಿಲ್ಲದೆ ಅದರ ವೈಯಕ್ತಿಕ ವ್ಯವಹಾರಗಳಲ್ಲಿ ಹಸ್ತಕ್ಷೇಪ ಮಾಡುವುದಿಲ್ಲವೆಂಬ ಹೇಳಿಕೆಯನ್ನು ಅದಕ್ಕೆ ಜೋಡಿಸಿತು. 1858ರ ಘೋಷಣೆಯ ದನಿ ಇಲ್ಲಿ ಮತ್ತೆ ಕೇಳಿಬರುತ್ತದೆ. ಸಮುದಾಯದ ಒಪ್ಪಿಗೆಯೆಂದರೆ ಅದರೊಳಗಿನ ಯಾರ ಒಪ್ಪಿಗೆ ಎಂಬುದೇ ರಮಾಬಾಯಿ ಎತ್ತಿದ್ದ ಪ್ರಶ್ನೆಯಾಗಿತ್ತು.

1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರೂಪುಗೊಂಡ ರಮಾಬಾಯಿ ಸಂಘ ಹತ್ತು ವರ್ಷಗಳ ನೆರವಿನ ಭರವಸೆ ನೀಡಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಪ್ರಾರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದರು. ಸದನದ ಕಲ್ಪನೆಯನ್ನು ಇಂದಿನ ಕಾನೂನಿನ ಪರಿಭಾಷೆಯಲ್ಲಿ ನೋಡಿದರೆ ಅದರ ಹಿರಿಮೆ ತಿಳಿಯುತ್ತದೆ. ಅಲ್ಲಿಗೆ ಬಂದವಳು ಮೊದಲು ಊಟ, ಹಾಸಿಗೆ, ಭಯವಿಲ್ಲದ ನಿದ್ದೆಯನ್ನು ಪಡೆಯಬೇಕು, ಆಮೇಲೆ ಅಕ್ಷರ, ಆಮೇಲೆ ತನ್ನ ಅನ್ನ ತಾನೇ ದುಡಿಯುವ ಕಸುಬು. ಹೆಂಡತಿ ಅಥವಾ ವಿಧವೆ ಹಿಂಸೆಯನ್ನು ಸಹಿಸುವುದು ಅವಳಿಗೆ ಬೇರೆ ನೆಲೆಯಿಲ್ಲದ್ದರಿಂದ ಎಂಬ ಸರಳ ಸತ್ಯದ ಮೇಲೆ ಈ ಕ್ರಮ ನಿಂತಿತ್ತು. 1889ರ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಕೆಲವೇ ಮಹಿಳಾ ಪ್ರತಿನಿಧಿಗಳಲ್ಲಿ ರಮಾಬಾಯಿ ಒಬ್ಬರು. ಅದರೊಡನೆ ನಡೆದ ಸಾಮಾಜಿಕ ಪರಿಷತ್ತಿನಲ್ಲಿ ಕೇಶಮುಂಡನದ ವಿರುದ್ಧ ಮಾತನಾಡಿದರು.

ಮರುವರ್ಷ ಕಲ್ಕತ್ತೆಯಲ್ಲಿ ಹನ್ನೊಂದರ ಆಸುಪಾಸಿನ ಫೂಲಮಣಿ ದಾಸಿ ಗಂಡನ ಬಲಾತ್ಕಾರದಿಂದ ಸತ್ತ ಪ್ರಕರಣ ದೇಶವನ್ನು ಕಲಕಿತು. ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆ ಬಂದಾಗ ಬಾಲಗಂಗಾಧರ ತಿಲಕರ ನೇತೃತ್ವದ ಪ್ರಬಲ ವಿರೋಧ ಎದ್ದದ್ದು ಪುಣೆಯಲ್ಲಿ. ಅದರ ಪರವಾಗಿ ಹೆಂಗಸರ ದನಿ ಕೂಡಿಸಿದವರಲ್ಲಿ ರಮಾಬಾಯಿಯೂ ಇದ್ದರು. 1891ರಲ್ಲಿ ಕಾಯ್ದೆಯಾಯಿತು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ವಿವಾಹವನ್ನು ನಿಷೇಧಿಸಿದ್ದು ಈ ಚರ್ಚೆಯ ಬೆನ್ನಿಗೇ ಎಂಬುದನ್ನು ಕನ್ನಡ ಓದುಗರು ಗಮನಿಸಬೇಕು.

ಸದನದ ಹುಡುಗಿಯರು ತಮ್ಮ ಜಾತಿಯ ಮಡಿ ಆಚಾರಗಳನ್ನು ಪಾಲಿಸಲು ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿಯವರ ಕೋಣೆಯ ಬಾಗಿಲು ಪ್ರಾರ್ಥನೆಯ ಹೊತ್ತಿನಲ್ಲಿಯೂ ತೆರೆದಿರುತ್ತಿತ್ತು. ಕೆಲವರು ಒಳಬಂದು ಕುಳಿತರು. 'ಕೇಸರಿ' ಪತ್ರಿಕೆ ಮತಾಂತರದ ಆರೋಪ ಹೊರಿಸಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದ ಸಲಹಾ ಸಮಿತಿಯ ಸದಸ್ಯರು ಹಿಂದೆ ಸರಿದರು, ಪೋಷಕರು ಸುಮಾರು ಇಪ್ಪತ್ತೈದು ಹುಡುಗಿಯರನ್ನು ಮನೆಗೆ ಕರೆದೊಯ್ದರು. ಧಾರ್ಮಿಕ ತಟಸ್ಥತೆಯ ಭರವಸೆ ಸಡಿಲಾಗಿತ್ತೆಂಬ ಅಸಮಾಧಾನಕ್ಕೆ ಆಧಾರವಿತ್ತು. ಆದರೆ ಹಿಂದಕ್ಕೆ ಹೋದ ಹುಡುಗಿಯರು ಯಾವ ಮನೆಗೆ ಹೋದರೆಂಬ ಚಿಂತೆ ಆ ಗದ್ದಲದಲ್ಲಿ ಯಾರನ್ನೂ ಬಹಳವಾಗಿ ಕಾಡಿದಂತಿಲ್ಲ. 1998ರಲ್ಲಿ ಪ್ರಕಟವಾದ ಉಮಾ ಚಕ್ರವರ್ತಿಯವರ ಅಧ್ಯಯನದ ನಂತರವಂತೂ ಈ ವಿವಾದವನ್ನು ಮತಾಂತರದ ಪ್ರಶ್ನೆಯಾಗಿ ಮಾತ್ರ ಓದುವುದು ಕಷ್ಟ.

1896-97ರ ಕ್ಷಾಮ ರಮಾಬಾಯಿಯವರನ್ನು ಮಧ್ಯಪ್ರಾಂತಕ್ಕೆ ಎಳೆಯಿತು. ತಾನು ಹಸಿದು ನಡೆದ ದಾರಿಗಳ ನೆನಪು ಅವರಿಗೆ ಮಾಸಿರಲಿಲ್ಲ. ಸುಮಾರು ಮುನ್ನೂರು ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಪ್ಲೇಗಿನ ಪುಣೆಯಲ್ಲಿ ಅವರನ್ನು ಇರಿಸಲು ಅನುಮತಿ ದೊರೆಯದೆ, ಸೊಲ್ಲಾಪುರದ ರೈಲುದಾರಿಯ ಮೇಲಿನ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲದಲ್ಲಿ ನೆಲೆ ಮಾಡಿದರು. ಅಲ್ಲಿ ಬೆಳೆದದ್ದೇ ಮುಕ್ತಿ ಸದನ. 1900ರ ಗುಜರಾತಿನ ಕ್ಷಾಮದ ಹೊತ್ತಿಗೆ ನಿವಾಸಿಗಳ ಸಂಖ್ಯೆ ಸುಮಾರು ಎರಡು ಸಾವಿರಕ್ಕೇರಿತ್ತು. ನೇಯ್ಗೆ, ಮುದ್ರಣ, ಬೇಸಾಯ, ಹೈನು, ಅಂಧರ ಶಾಲೆ ಎಲ್ಲವನ್ನೂ ಹೆಂಗಸರೇ ನಡೆಸಿದರು. ಅತ್ಯಾಚಾರಕ್ಕೊಳಗಾದವರಿಗೆ, ಸಮಾಜ ಕಳಂಕಿತೆಯರೆಂದು ಹೊರಹಾಕಿದವರಿಗೆ ಕೃಪಾ ಸದನವೆಂಬ ಪ್ರತ್ಯೇಕ ವಿಭಾಗವಿತ್ತು. ಅಲ್ಲಿನ ಬಿಗಿಯಾದ ಕ್ರೈಸ್ತ ದಿನಚರಿ ಎಲ್ಲರಿಗೂ ಒಪ್ಪುವಂಥದಲ್ಲ; 'ಸ್ತ್ರೀಧರ್ಮನೀತಿ'ಯ ಕಾಲದ ವಾದಶೀಲ ಪಂಡಿತೆಯನ್ನು ಅಲ್ಲಿ ಹುಡುಕುವವರಿಗೆ ನಿರಾಶೆಯಾಗಬಹುದು. ಆದರೆ ಈ ಸಲ ಜಾತಿಯ ಮೇರೆಯೂ ಉಳಿದಿರಲಿಲ್ಲ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಗೆಂದು ಸಂಸತ್ತು 2005ರಲ್ಲಿ ಮಾಡಿದ, 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕಾಯ್ದೆಯ ಉದ್ದೇಶ ವಿವರಣೆ ಅಂತರರಾಷ್ಟ್ರೀಯ ದಾಖಲೆಗಳನ್ನು ಹೆಸರಿಸಿಯೇ ಆರಂಭವಾಗುತ್ತದೆ. ಬೈಗುಳವನ್ನೂ ಆರ್ಥಿಕ ವಂಚನೆಯನ್ನೂ ಅದು ಹಿಂಸೆಯೆಂದು ಕರೆಯಿತು. ನೊಂದವಳಿಗೆ ಆಶ್ರಯಧಾಮದಲ್ಲಿ ಎಡೆ ಕೊಡಬೇಕೆಂದಿತು. ಒಡೆತನವಿರಲಿ ಇಲ್ಲದಿರಲಿ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹದಿನೇಳನೆಯ ಪ್ರಕರಣದಲ್ಲಿ ಕೊಟ್ಟಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಈ ಹಕ್ಕನ್ನು ವಿಸ್ತಾರವಾಗಿ ವಿವರಿಸಿದಾಗ ಅದರ ಮುಂದೆ ನಿಂತಿದ್ದವಳು ಗಂಡನ ಮನೆಯಿಂದ ಹೊರಗುಳಿದ ಒಬ್ಬ ವಿಧವೆ.

ಕೊನೆಯ ವರ್ಷಗಳನ್ನು ರಮಾಬಾಯಿ ಕೇಡಗಾಂವದಲ್ಲಿ ಬೈಬಲ್ಲಿನ ಮರಾಠಿ ಅನುವಾದದಲ್ಲಿ ಕಳೆದರು. ಕಿವಿ ಪೂರ್ತಿ ಮುಚ್ಚಿತ್ತು. 1912ರಲ್ಲಿ ಮನೋರಮೆಯ ನೆರವಿನಿಂದ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದರು. ಹುಟ್ಟಿದ ಆರು ತಿಂಗಳಿಗೆ ಬಿಟ್ಟುಹೋದ ಕನ್ನಡ ನಾಡಿಗೆ ಅವರಿಂದ ಸಂದ ನೇರವಾದ ಸೇವೆ ಇದು. 1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ ಮನೋರಮೆ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ ನಿಧನರಾದರು. ಗಂಡನ ಮನೆಗೆ ಹೋಗಲೊಲ್ಲದ ಹೆಂಡತಿಯನ್ನು ಸೆರೆಮನೆಗೆ ಕಳುಹಿಸುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ತೆಗೆದುಹಾಕಿದ್ದು ಅದರ ಮರುವರ್ಷ, 1923ರಲ್ಲಿ.